ಕಾರ್ನ್‌ವಾಲ್‌ನ ತಾಯಿ

ಐವತ್ತಾರು ವರ್ಷದ ಮಗ ವಾರದ ನಡುವೆ, ಹೇಳದೆ ಕೇಳದೆ ತಾಯಿಯ ಮನೆಗೆ ಬಂದರೆ ಎರಡೇ ಅರ್ಥ. ಒಂದೋ ಯಾರೋ ಸತ್ತಿದ್ದಾರೆ, ಇಲ್ಲವೇ ಅವನಿಗೆ ಏನೋ ಬೇಕಾಗಿದೆ. ಟೆರಿಯ ಕೈಯಲ್ಲಿ ಅಂಗಡಿಯ ಕೇಕಿನ ಡಬ್ಬಿ ಇತ್ತು. ಸಾವಿನ ಸುದ್ದಿ ಹೇಳಲು ಯಾರೂ ಕೇಕು ತರುವುದಿಲ್ಲ. ಹಾಗಾಗಿ ಅವನು ಕೋಟು ಬಿಚ್ಚುವ ಮೊದಲೇ ಊನಾ ವಿಟ್‌ಲಾಕ್‌ಗೆ ಅರ್ಧ ವಿಷಯ ತಿಳಿದುಹೋಯಿತು. ಎಪ್ಪತ್ತೈದು ತುಂಬಿದ್ದರೂ ಅವಳ ಮೂಗು ಚುರುಕಾಗಿಯೇ ಇತ್ತು.

"ಚಹಾ ಕುಡೀತೀಯಾ, ಇಲ್ಲಾ ಬಂದ ಕೆಲ್ಸ ಮುಗಿಸ್ಕೊಂಡು ಹೊರಡ್ತೀಯಾ?"

"ಏನಮ್ಮಾ ಹೀಗಂತೀಯ! ಮಗ ಬಂದ ಅಂತ ಖುಷಿ ಇಲ್ವಾ?"

"ಮಗ ಬರೋದು ಕ್ರಿಸ್‌ಮಸ್‌ಗೆ. ಇದು ಮಾರ್ಚ್ ತಿಂಗಳು."

ಟೆರಿ ನಕ್ಕ. ಅಡುಗೆಮನೆಯ ಮೇಜಿನ ಮುಂದೆ ಕೂತ. ಮಂಡಿನೋವು ಹೇಗಿದೆ, ಪಕ್ಕದ ಮನೆಯ ಪಾಕಿಸ್ತಾನದವರು ಗಲಾಟೆ ಮಾಡುತ್ತಾರಾ, ಬಾಯ್ಲರ್ ಸರಿಯಾಗಿದೆಯಾ ಎಂದೆಲ್ಲ ವಿಚಾರಿಸಿದ. ಪಕ್ಕದ ಮನೆಯವರೇ ಬಾಯ್ಲರ್ ಸರಿ ಮಾಡಿಸಿಕೊಟ್ಟರು ಎಂದು ಊನಾ ಹೇಳಿದಳು. ಬೆಣ್ಣೆ ಹಚ್ಚುವುದಕ್ಕೂ ಒಂದು ಮಿತಿ ಇರುತ್ತದೆ. ಚಹಾದ ಲೋಟ ಅರ್ಧವಾಗುವ ಹೊತ್ತಿಗೆ ಅದು ಮುಗಿಯಿತು.

"ಅಮ್ಮಾ, ನಿನ್ನ ಜನನ ಪತ್ರ ಎಲ್ಲಿದೆ?"

"ಯಾಕೆ? ನಾನು ಹುಟ್ಟಿಲ್ಲ ಅಂತ ಯಾರಾದ್ರೂ ಅಂದ್ರಾ?"

"ನಂಗೆ ಐರಿಷ್ ಪಾಸ್‌ಪೋರ್ಟ್ ಮಾಡಿಸ್ಬೇಕು."

ಊನಾ ಲೋಟ ಕೆಳಗಿಟ್ಟಳು. ಮೂರು ವರ್ಷದ ಹಿಂದೆ ಇದೇ ಮೇಜನ್ನು ಗುದ್ದಿ ಇದೇ ಮಗ, "ನಮ್ ದೇಶ ನಮಗೆ ವಾಪಸ್ ಸಿಕ್ತು ಕಣಮ್ಮಾ!" ಎಂದು ಕೂಗಿದ್ದ. ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟು ಹೊರಬರಬೇಕು ಎಂದು ವೋಟು ಹಾಕಿದ್ದು ಸಾಲದೆ, ತನ್ನ ವ್ಯಾನಿನ ಹಿಂದೆಯೂ ಕಾಗದ ಅಂಟಿಸಿಕೊಂಡು ಊರೆಲ್ಲ ತಿರುಗಿದವನು. ಅಂದು ಅವಳು ಸುಮ್ಮನಿದ್ದಳು. ಸುಮ್ಮನಿರುವುದು ಅವಳಿಗೆ ಅಭ್ಯಾಸವಾಗಿತ್ತು.

"ಸ್ಪೇನಲ್ಲಿ ನಮ್ ಫ್ಲ್ಯಾಟ್ ಇದ್ಯಲ್ಲ," ಟೆರಿ ಬಿಡಿಸಿ ಹೇಳಿದ. "ಮುಂದೆ ಆರು ತಿಂಗಳಿಗೆ ತೊಂಬತ್ತೇ ದಿನ ಇರ್ಬಹುದಂತೆ. ಚಳಿಗಾಲ ಪೂರ್ತಿ ಅಲ್ಲೇ ಇರೋಣ ಅಂತ ತಾನೇ ನಾನೂ ಮಾವನೂ ಸೇರಿ ತಗೊಂಡಿದ್ದು?"

"ಅದಕ್ಕೆ ನೀನೇ ವೋಟು ಹಾಕ್ದೆಯಲ್ಲೋ."

"ನಾನು ಹಾಕಿದ್ದು ಅವ್ರು ಇಲ್ಲಿಗೆ ಬರ್ಬಾರ್ದು ಅಂತ. ನಾನು ಅಲ್ಲಿಗೆ ಹೋಗ್ಬಾರ್ದು ಅಂತಲ್ಲ!"

ಇದನ್ನು ಅವನು ನಗಿಸಲು ಹೇಳಲಿಲ್ಲ, ನಿಜವಾಗಿಯೂ ನೊಂದುಕೊಂಡು ಹೇಳಿದ. ಆಮೇಲೆ ಕಾನೂನು ಓದಿಕೊಂಡು ಬಂದವನಂತೆ ಬೆರಳು ಮಡಿಸಿದ. ಐರ್ಲೆಂಡ್ ಯುರೋಪಿನ ಒಕ್ಕೂಟದಲ್ಲೇ ಉಳಿಯುತ್ತದೆ, ಅಲ್ಲಿಯವರಿಗೆ ತೊಂಬತ್ತು ದಿನದ ಕಟ್ಟಿಲ್ಲ. ತಾಯಿಯಾಗಲಿ ತಂದೆಯಾಗಲಿ ಐರ್ಲೆಂಡಿನಲ್ಲಿ ಹುಟ್ಟಿದ್ದರೆ ಮಕ್ಕಳು ಎಲ್ಲಿ ಹುಟ್ಟಿದರೂ ಐರಿಷ್ ಪ್ರಜೆಗಳೇ. ಯಾರೂ ಕೊಡಬೇಕಾಗಿಲ್ಲ, ಆಗಲೇ ಆಗಿಬಿಟ್ಟಿರುತ್ತಾರೆ. ತಾಯಿಯ ಜನನ ಪತ್ರ, ಅವಳ ಮದುವೆಯ ಪತ್ರ, ತನ್ನ ಜನನ ಪತ್ರ, ಈ ಮೂರನ್ನು ಇಟ್ಟರೆ ಪುಸ್ತಕ ಕೈಗೆ ಬರುತ್ತದೆ.

"ಹುಟ್ಟಿದಾಗಿಂದ ನಾನು ಐರಿಷ್ ಅಂತೆ ಅಮ್ಮಾ! ನಂಗೆ ಗೊತ್ತೇ ಇರ್ಲಿಲ್ಲ."

"ನಂಗೆ ಗೊತ್ತಿತ್ತು. ಊರಿಗೆ ಗೊತ್ತಾಗ್ಬಾರ್ದು ಅಂತ ಒದ್ದಾಡಿದ್ದು ನೀನು."

ಟೆರಿಯ ಮುಖ ಗಂಟಾಯಿತು. ಹಳೆಯದನ್ನು ಕೆದಕಬೇಡ ಎನ್ನುವ ಮುಖ ಅದು. ಆದರೆ ಕೆದಕದಿದ್ದರೆ ಓದುವ ನಿಮಗೆ ಹೇಗೆ ತಿಳಿಯಬೇಕು? ಕೆದಕುತ್ತೇನೆ.

ಊನಾ ಹುಟ್ಟಿದ್ದು ಐರ್ಲೆಂಡಿನ ಮೇಯೋ ಸೀಮೆಯ ಪಡುಗಡಲ ಅಂಚಿನ ಕ್ಯಾರೋಬಾನ್ ಎಂಬ ಹಳ್ಳಿಯಲ್ಲಿ. ಗಿಲ್ವಾರಿಗಳ ಮನೆ ಹುಡುಗಿ. ಹದಿನೆಂಟಕ್ಕೆ ಹಡಗು ಹತ್ತಿ ಬರ್ಮಿಂಗ್‌ಹ್ಯಾಮ್‌ಗೆ ಬಂದಳು. ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದಳು. ಡೆನಿಸ್ ವಿಟ್‌ಲಾಕ್ ಎಂಬ ಇಂಗ್ಲಿಷ್ ಬಸ್ ಡ್ರೈವರನನ್ನು ಮದುವೆಯಾದಳು. ಇವಳ ಮಾತು ಕೇಳಲಿಕ್ಕೇ ಇವಳನ್ನು ಕಟ್ಟಿಕೊಂಡೆ ಎಂದು ಅವನು ಎಲ್ಲರ ಮುಂದೆ ಹೇಳುತ್ತಿದ್ದ. ಅವಳೂ ಅಷ್ಟೇ, ಬಾಯಿ ಬಿಟ್ಟರೆ ನಿಲ್ಲಿಸುವವಳಲ್ಲ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಪೂಜೆ ಮುಗಿಸಿ ಚರ್ಚಿನ ಬಾಗಿಲಲ್ಲಿ ನಿಂತು ಮಾತಾಡಿ ಮಾತಾಡಿ ಒಲೆಯ ಮೇಲಿನ ಆಲೂಗಡ್ಡೆ ಸೀಯಿಸುತ್ತಿದ್ದಳು.

ಎಪ್ಪತ್ತನಾಲ್ಕರ ನವೆಂಬರಿನಲ್ಲಿ ಪೇಟೆಯ ಎರಡು ಪಬ್ಬುಗಳಲ್ಲಿ ಬಾಂಬು ಸಿಡಿದು ಇಪ್ಪತ್ತೊಂದು ಜನ ಸತ್ತರು. ಇಟ್ಟವರು ಬ್ರಿಟನ್ ವಿರುದ್ಧ ಹೋರಾಡುತ್ತಿದ್ದ ಐರಿಷ್ ಬಂಡುಕೋರರು ಎಂದು ಸುದ್ದಿಯಾಯಿತು. ಮಾರನೆಯ ದಿನದಿಂದ ಆ ಊರಿನಲ್ಲಿ ಐರಿಷ್ ನಾಲಿಗೆ ಇದ್ದವರೆಲ್ಲ ಕೊಲೆಗಾರರಾದರು. ಹತ್ತು ವರ್ಷದಿಂದ ಬ್ರೆಡ್ಡು ಕೊಡುತ್ತಿದ್ದ ಅಂಗಡಿಯವಳು ಊನಾ ಬಾಯಿ ತೆರೆದ ಕೂಡಲೇ "ಮುಗಿದಿದೆ" ಎಂದಳು. ಅವಳ ಬೆನ್ನ ಹಿಂದಿನ ಕಪಾಟಿನ ತುಂಬ ಬ್ರೆಡ್ಡು ಇತ್ತು. ಕೆಲಸದ ಜಾಗದಲ್ಲಿ ಯಾರೋ ಇವಳ ಲೋಟದಲ್ಲಿ ಉಗುಳಿದರು. ಹನ್ನೊಂದು ವರ್ಷದ ಟೆರಿ ಒಂದು ಸಂಜೆ ಶಾಲೆಯಿಂದ ಬಂದು, "ಅಮ್ಮಾ, ಇನ್ಮೇಲೆ ಹೊರಗೆ ಮಾತಾಡ್ಬೇಡ," ಎಂದ. ಅವಳು ಸರಿ ಎಂದಳು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ಯಾರ ವಿಷಯದಲ್ಲಿ ನಿಜವೋ ಸುಳ್ಳೋ, ಅವಳ ವಿಷಯದಲ್ಲಿ ಆ ಚಳಿಗಾಲ ಪೂರ್ತಿ ನಿಜವಾಯಿತು. ಅಂಗಡಿಗಳಲ್ಲಿ ಬೆರಳು ತೋರಿಸಿ ಸಾಮಾನು ತಂದಳು.

ಆ ಹುಡುಗನನ್ನು ಅವಳು ಎಂದೂ ದೂರಲಿಲ್ಲ. ಹೆದರಿದ ಮಗು ಹೇಳಿದ ಮಾತು ಅದು. ಅವಳು ಕ್ಷಮಿಸದೆ ಉಳಿದದ್ದು ಇಪ್ಪತ್ತಾರರ ಮದುಮಗನನ್ನು. ಡೆನಿಸ್ ಆಗ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮದುವೆಗೆ ವಾರವಿದೆ ಎನ್ನುವಾಗ ಟೆರಿ ಬಂದು ಹೇಳಿದ: ಮಾವ ಕ್ಲಿಫ್ ಟ್ರ್ಯಾಂಟರ್‌ನ ಗೆಳೆಯನೊಬ್ಬ ಆ ಪಬ್ಬುಗಳ ಬಾಂಬಿಗೆ ಸತ್ತಿದ್ದಾನೆ, ಐರಿಷರೆಂದರೆ ಆತನಿಗೆ ಆಗುವುದಿಲ್ಲ. "ನೀನು ಕಾರ್ನ್‌ವಾಲ್‌ನವಳು ಅಂತ ಹೇಳಿದೀನಿ. ಆ ಕಡೆಯವ್ರ ಮಾತೂ ಒಂಥರಾನೇ ಇರುತ್ತೆ, ಇವ್ರಿಗೆ ಗೊತ್ತಾಗಲ್ಲ. ಜಾಸ್ತಿ ಮಾತಾಡ್ಬೇಡ. 'ಚೆನ್ನಾಗಿದೆ' ಅಂದ್ಕೊಂಡು ಇದ್ಬಿಡು."

ಇಂಗ್ಲೆಂಡಿನ ನೈರುತ್ಯ ಮೂಲೆಯ ಆ ಕಾರ್ನ್‌ವಾಲನ್ನು ಅವಳು ನೋಡಿಯೇ ಇರಲಿಲ್ಲ. ಚರ್ಚಿನಲ್ಲಿ ಚೆನ್ನಾಗಿದೆ ಎಂದಳು, ಊಟ ಚೆನ್ನಾಗಿದೆ ಎಂದಳು, ಬೀಗಿತ್ತಿಯ ಟೋಪಿ ಚೆನ್ನಾಗಿದೆ ಎಂದಳು. ಊರಿನಲ್ಲಿದ್ದ ಅವಳ ಒಬ್ಬನೇ ಅಣ್ಣ ಫೆಸ್ಟಸ್ ಆ ಮದುವೆಗೆಂದು ಹೊಸ ಸೂಟು ಹೊಲಿಸಿಕೊಂಡಿದ್ದ. ಅವನಿಗೆ ಟೆರಿ ತಾನೇ ಫೋನು ಮಾಡಿ, "ಮಾಮಾ, ಮದುವೆ ಅಂದ್ರೆ ಸುಮ್ನೆ ಸಹಿ ಹಾಕೋದು ಅಷ್ಟೇ, ಯಾರನ್ನೂ ಕರೀತಿಲ್ಲ," ಎಂದ. ನೂರಿಪ್ಪತ್ತು ಜನ ಉಂಡ ಮದುವೆಯ ಸುದ್ದಿ ಮೇಯೋ ಮುಟ್ಟಲು ಎಷ್ಟು ದಿನ ಬೇಕು? ಫೆಸ್ಟಸ್ ಆಮೇಲೆ ತಂಗಿಗೆ ಒಂದು ಸಾಲು ಬರೆಯಲಿಲ್ಲ. ಏಳು ವರ್ಷಕ್ಕೆ ಸತ್ತ. ಆ ಸೂಟಿನಲ್ಲೇ ಅವನನ್ನು ಪೆಟ್ಟಿಗೆಗೆ ಇಟ್ಟಿದ್ದರು.

ಅಂದಿನಿಂದ ಮೂವತ್ತು ವರ್ಷ ಊನಾ ಬೀಗರ ಮನೆಯಲ್ಲಿ ಕಾರ್ನ್‌ವಾಲ್‌ನವಳಾಗಿಯೇ ಕೂತಳು.

"ಪತ್ರ ಇದೆ," ಎಂದಳು ಈಗ. "ಕೊಡ್ತೀನಿ. ಆದ್ರೆ ಮೊದ್ಲು ಕ್ಲಿಫ್ ಎದುರಿಗೆ ನಿಂತ್ಕೊಂಡು, ನಿನ್ನ ಬಾಯಿಂದ, 'ನಮ್ಮಮ್ಮ ಮೇಯೋದವಳು' ಅಂತ ಹೇಳು. ನಾನೂ ಪಕ್ಕದಲ್ಲಿರ್ತೀನಿ. ಅವತ್ತೇ ಕೊಡ್ತೀನಿ."

"ತಲೆ ಕೆಟ್ಟಿದ್ಯಾ? ಆ ಮುದುಕನಿಗೆ ಎಂಬತ್ತಾರು!"

"ನಾನೇನು ಹದಿನಾರರ ಹುಡುಗಿಯಾ?"

"ಫ್ಲ್ಯಾಟಿನಲ್ಲಿ ಅರ್ಧ ಪಾಲು ಅವ್ರದ್ದು ಅಮ್ಮಾ. ಮೂವತ್ತು ವರ್ಷ ಸುಳ್ಳು ಹೇಳ್ದೆ ಅಂತ ಈಗ ಹೇಳ್ಲಾ?"

"ನಾಲ್ಕೇ ಮಾತು. ದೇಶ ಬದಲಾಯಿಸೋಕೆ ಬರುತ್ತೆ, ನಾಲ್ಕು ಮಾತಾಡೋಕೆ ಬರಲ್ವಾ?"

ಟೆರಿ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು, ಎತ್ತಲಿಲ್ಲ. "ನಿನ್ನ ಹಂಗೇನೂ ಬೇಕಾಗಿಲ್ಲ. ಆ ಪತ್ರ ಯಾರು ಬೇಕಾದ್ರೂ ದುಡ್ಡು ಕಟ್ಟಿ ತರಿಸ್ಬಹುದು. ಮರ್ಯಾದೆಗೆ ಕೇಳೋಣ ಅಂತ ಬಂದೆ," ಎಂದು ಹೇಳಿ ಹೊರಟ. ಬಾಗಿಲ ತನಕ ಹೋದವನು ಮರಳಿ ಬಂದು ಕೇಕಿನ ಡಬ್ಬಿಯನ್ನೂ ಎತ್ತಿಕೊಂಡು ಹೋದ.

ಊನಾ ಬಿದ್ದ ಕುರ್ಚಿಯನ್ನು ನಿಲ್ಲಿಸಿದಳು. ಮಗ ಹೇಳಿದ್ದು ನಿಜ ಎಂದು ಅವಳಿಗೂ ಗೊತ್ತಿತ್ತು. ಆದರೆ ಅವನಿಗೆ ಗೊತ್ತಿಲ್ಲದ ಇನ್ನೊಂದು ವಿಷಯ ಅವಳಿಗೆ ಗೊತ್ತಿತ್ತು. ಅದಕ್ಕೇ ಗಾಬರಿಯಾಗಲಿಲ್ಲ.

ಒಂದು ತಿಂಗಳು ಬಿಟ್ಟು ಫೋನು ಬಂತು.

"ಅಮ್ಮಾ, ಏನಿದು? ನಿನ್ನ ಹೆಸರಲ್ಲಿ ಯಾರೂ ಹುಟ್ಟೇ ಇಲ್ವಂತೆ! ಫೆಬ್ರವರಿ ಒಂದು, ನಲವತ್ನಾಲ್ಕು, ಮೇಯೋ ಅಂತ ಬರೆದು ಕಳ್ಸಿದ್ದೆ. 'ಅಂಥ ದಾಖಲೆ ಇಲ್ಲ' ಅಂತ ಬಂದಿದೆ."

"ಅಯ್ಯೋ ಪಾಪ. ನಾನು ಹುಟ್ಟಿಲ್ಲ ಅಂದ್ರೆ ನೀನೂ ಹುಟ್ಟಿಲ್ಲ ಬಿಡು. ಹುಟ್ಟದೇ ಇರೋನಿಗೆ ಪಾಸ್‌ಪೋರ್ಟ್ ಯಾಕೆ?"

ಟೆರಿ ಬೈದು ಫೋನು ಇಟ್ಟ. ಊನಾ ಆ ದಿನ ಚಹಾಕ್ಕೆ ಎರಡು ಚಮಚ ಸಕ್ಕರೆ ಹೆಚ್ಚಾಗಿ ಹಾಕಿಕೊಂಡಳು.

ಅವಳು ಹುಟ್ಟಿದ್ದು ಫೆಬ್ರವರಿ ಒಂದರಂದೇ, ಸಂತ ಬ್ರಿಜಿಡ್ಡಳ ಹಬ್ಬದ ದಿನ. ಅದರಲ್ಲಿ ಸುಳ್ಳಿಲ್ಲ. ಆದರೆ ಆ ಕಾಲದ ಮೇಯೋದಲ್ಲಿ ಮಗು ಹುಟ್ಟಿದ್ದನ್ನು ಬರೆಸಲು ಹತ್ತು ಮೈಲಿ ದೂರದ ಪಟ್ಟಣಕ್ಕೆ, ಸರ್ಕಾರಿ ದವಾಖಾನೆಯ ಡಾಕ್ಟರ ಬಳಿಗೆ ಹೋಗಬೇಕಿತ್ತು. ಮೂರು ತಿಂಗಳೊಳಗೆ ಹೋದರೆ ಸರಿ, ದಾಟಿದರೆ ದಂಡ. ಇವಳಪ್ಪ ಹಂದಿ ಮಾರಲು ಪಟ್ಟಣಕ್ಕೆ ಹೋದದ್ದೇ ಜೂನ್ ತಿಂಗಳಲ್ಲಿ. ಹಂದಿ ಮಾರಿದ ಮೇಲೆ ಮಗಳ ನೆನಪಾಯಿತು. ದಂಡ ಕಟ್ಟುವ ಗಂಡಸು ಆ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. "ಮಗು ಹುಟ್ಟಿದ್ದು ಏಪ್ರಿಲ್ ಇಪ್ಪತ್ತು," ಎಂದು ಬರೆಸಿ, ಉಳಿದ ಹಣದಲ್ಲಿ ಒಂದು ಗ್ಲಾಸು ಏರಿಸಿ ಮನೆಗೆ ಬಂದ. ಆ ಊರುಗಳಲ್ಲಿ ಹೀಗೆ ಎರಡು ಹುಟ್ಟುಹಬ್ಬದವರು ಬೀದಿಗೆ ನಾಲ್ವರು ಸಿಗುತ್ತಾರೆ. ಮನೆಯಲ್ಲಿ ಫೆಬ್ರವರಿ, ಕಾಗದದಲ್ಲಿ ಏಪ್ರಿಲ್. ಟೆರಿ ತಾಯಿಯ ಒಂದು ಕಾಗದವನ್ನೂ ಎಂದೂ ಮುಟ್ಟಿ ನೋಡಿದವನಲ್ಲ. ಅವನಿಗೆ ಗೊತ್ತಿದ್ದದ್ದು ಬ್ರಿಜಿಡ್ಡಳ ಹಬ್ಬದಂದು ಅವನ ಹೆಂಡತಿ ಲಿಂಡ್ಸೆ ಕಳಿಸುವ ಹೂವಿನ ಕಾರ್ಡು ಮಾತ್ರ.

ಈ ಒಂದು ತಾರೀಕು ಊನಾಳ ಕೈಯಲ್ಲಿತ್ತು. ಮಗ ಆ ನಾಲ್ಕು ಮಾತು ಆಡುವ ತನಕ ಅದನ್ನು ಬಿಡಬಾರದು ಎಂದುಕೊಂಡಳು. ಆದರೆ ಒಂದು ಗುರುವಾರ ಎಲ್ಲ ಹಾಳಾಯಿತು.

ಗುರುವಾರಗಳಂದು ಐರಿಷ್ ಸಂಘದಲ್ಲಿ ಮುದುಕ ಮುದುಕಿಯರಿಗೆ ಊಟ. ಹಂದಿಮಾಂಸ, ಕೋಸು, ಆಲೂಗಡ್ಡೆ. ಮೂಲೆಯ ಮೇಜಿನಲ್ಲಿ ಅಟ್ರಾಕ್ಟಾ ಡರ್ಕನ್ ಕೂತು ಬಂದವರಿಗೆಲ್ಲ ಅರ್ಜಿ ತುಂಬಿಕೊಡುತ್ತಿದ್ದಳು. ಮೇಯೋ ಪಕ್ಕದ ಸ್ಲೈಗೋ ಸೀಮೆಯವಳು, ಆಸ್ಪತ್ರೆಯ ಹಿರಿಯ ನರ್ಸಾಗಿದ್ದು ನಿವೃತ್ತಳಾದವಳು, ಊನಾಳ ಐವತ್ತು ವರ್ಷದ ಗೆಳತಿ. ಈಗೀಗ ಅವಳ ಮೇಜಿನ ಮುಂದೆ ಹೊಸ ಜಾತಿಯ ಜನ ಸಾಲು ನಿಲ್ಲುತ್ತಿದ್ದರು. ಒಳ್ಳೆಯ ಕೋಟು ತೊಟ್ಟವರು, ಸಂಘದ ಬಾಗಿಲನ್ನು ಜನ್ಮದಲ್ಲಿ ಮೊದಲ ಸಲ ತಳ್ಳಿದವರು. ಅಜ್ಜಿ ಐರ್ಲೆಂಡಿನಲ್ಲಿ ಹುಟ್ಟಿದ್ದರೂ ಪಾಸ್‌ಪೋರ್ಟಿಗೆ ದಾರಿ ಇತ್ತು, ಹಾಗಾಗಿ ಎಲ್ಲರಿಗೂ ಇದ್ದಕ್ಕಿದ್ದಂತೆ ಅಜ್ಜಿಯರು ನೆನಪಾಗಿದ್ದರು.

ಆ ಗುರುವಾರ ಟೆರಿಯೂ ಸಾಲಿನಲ್ಲಿ ನಿಂತ. ಪಕ್ಕದ ಮೇಜಿನಲ್ಲಿ ತಾಯಿ ಕೋಸು ತಿನ್ನುತ್ತಿದ್ದುದನ್ನು ಕಂಡೂ ಕಾಣದವನಂತಿದ್ದ. ಅವನ ಸರದಿ ಬಂದಾಗ ಅಟ್ರಾಕ್ಟಾ ಕನ್ನಡಕ ಮೇಲೇರಿಸಿದಳು.

"ಓಹೋ, ಯಾರಪ್ಪಾ ಇದು! ದಾರಿ ತಪ್ಪಿ ಬಂದ್ಯಾ?"

"ಅರ್ಜಿ ಬಗ್ಗೆ ಕೇಳ್ಬೇಕಿತ್ತು," ಟೆರಿ ಗೊಣಗಿದ. ಬಂದ ಕಾಗದ ತೋರಿಸಿದ.

"ಊರು ಎಲ್ಲಿ ಬರೆದಿದೀಯ? 'ಮೇಯೋ' ಅಂತೆ! ಮೇಯೋ ಅಂದ್ರೆ ನಿಮ್ಮ ಹಿತ್ತಲಾ? ಹಳ್ಳಿ ಯಾವುದೋ?"

ಟೆರಿಗೆ ಗೊತ್ತಿರಲಿಲ್ಲ.

"ನಿಮ್ಮಜ್ಜಿ ಹೆಸರು?"

ಅದೂ ಗೊತ್ತಿರಲಿಲ್ಲ. ಸಾಲಿನ ಹಿಂದಿದ್ದವರು ನಗತೊಡಗಿದರು. ಅವರಲ್ಲಿ ಎಷ್ಟು ಜನಕ್ಕೆ ತಮ್ಮ ಅಜ್ಜಿಯ ಹೆಸರು ಗೊತ್ತಿತ್ತೋ ದೇವರೇ ಬಲ್ಲ. ಊನಾಗೆ ಒಳಗೊಳಗೇ ಹಿತವಾಯಿತು. ಉಗಿಯಲಿ, ಇನ್ನೂ ಉಗಿಯಲಿ ಎಂದುಕೊಂಡಳು.

ಅಟ್ರಾಕ್ಟಾಗೆ ಉಗಿಯುವ ಉಮೇದು ಹೆಚ್ಚಾಯಿತು. ಜನ ನಗುತ್ತಿದ್ದರೆ ಅವಳ ನಾಲಿಗೆಗೆ ಲಗಾಮಿಲ್ಲ. "ಅಯ್ಯೋ ದಡ್ಡ ಮುಂಡೇದೇ! ಊರಿಲ್ಲ, ಅಜ್ಜಿ ಇಲ್ಲ, ಜತೆಗೆ ಹಬ್ಬದ ತಾರೀಕು ಬರೆದಿದೀಯ! ದಂಡ ತಪ್ಪಿಸ್ಕೊಳ್ಳೋಕೆ ನಮ್ಮಪ್ಪಂದಿರೆಲ್ಲ ತಾರೀಕು ಮುಂದಕ್ಕೆ ಹಾಕಿದ್ದು ನಿಂಗೆ ಗೊತ್ತಿಲ್ವಾ? ನಿಮ್ಮಮ್ಮನ ಬಸ್ ಪಾಸ್ ನೋಡ್ದೋರಿಗೂ ಗೊತ್ತಾಗುತ್ತೆ, ಅವಳು ಸರ್ಕಾರದ ಲೆಕ್ಕದಲ್ಲಿ ಹುಟ್ಟಿದ್ದು ಏಪ್ರಿಲ್ ಇಪ್ಪ…"

ಅಲ್ಲಿಗೆ ನಿಂತಳು. ಊನಾಳ ಕಡೆ ನೋಡಿದಳು. ಊನಾ ಫೋರ್ಕು ಕೆಳಗಿಟ್ಟಿದ್ದಳು.

ಟೆರಿ ಆಗಲೇ ಬರೆದುಕೊಂಡಿದ್ದ. "ಇಪ್ಪತ್ತಾ?" ಎಂದು ಕೇಳಿದ. ಅವನು ತಾಯಿಯ ಮುಖ ನೋಡಿದ. ಅಲ್ಲೇ ಉತ್ತರ ಸಿಕ್ಕಿತು. ಕಾಗದ ಮಡಿಸಿ ಜೇಬಿಗಿಟ್ಟು, "ಥ್ಯಾಂಕ್ಸ್ ಅಮ್ಮಾ," ಎಂದು ಹಲ್ಲು ಬಿಟ್ಟು ಹೊರಟ.

"ಊನಾ, ನಂಗೆ ಗೊತ್ತಾಗ್ಲಿಲ್ಲ ಕಣೇ…"

"ಐವತ್ತು ವರ್ಷ ರೋಗಿಗಳ ಗುಟ್ಟು ಕಾಪಾಡ್ದೆ. ನನ್ನದೊಂದು ಕಾಪಾಡೋಕಾಗ್ಲಿಲ್ಲ."

"ನೀನು ಹೇಳಿರ್ಲಿಲ್ವಲ್ಲೇ ಅದು ಗುಟ್ಟು ಅಂತ!"

ಅದೂ ನಿಜವೇ. ಆದರೆ ಸಿಟ್ಟು ನ್ಯಾಯ ನೋಡುತ್ತದೆಯೇ? ಊನಾ ಅರ್ಧ ತಟ್ಟೆ ಹಾಗೇ ಬಿಟ್ಟು ಎದ್ದಳು. ಮೂರು ಗುರುವಾರ ಸಂಘದ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ಕೂತು ಯೋಚಿಸಿದಷ್ಟೂ ಅವಳ ಮೈ ಉರಿಯಿತು. ಅವನಿಗೆ ಬೇಕಾದದ್ದು ಸಿಕ್ಕಿತ್ತು. ಅವಳಿಗೆ ಬೇಕಾಗಿದ್ದದ್ದು ನಾಲ್ಕೇ ಮಾತು, ಅದನ್ನು ಇನ್ನು ಯಾವ ಬೆಲೆಗೂ ಕೊಳ್ಳುವ ಹಾಗಿರಲಿಲ್ಲ.

ಸೆಪ್ಟೆಂಬರಿನಲ್ಲಿ ಕ್ಲಿಫ್ ಟ್ರ್ಯಾಂಟರ್‌ಗೆ ಎಂಬತ್ತೇಳು ತುಂಬಿತು. ಸೊಸೆ ಲಿಂಡ್ಸೆ ಫೋನು ಮಾಡಿ, "ಅತ್ತೆ, ಭಾನುವಾರ ಊಟಕ್ಕೆ ಬನ್ನಿ, ಅಪ್ಪನ ಮನೇಲಿ," ಎಂದಳು. ಲಿಂಡ್ಸೆ ಕೆಟ್ಟವಳಲ್ಲ. ಅವಳಿಗೆ ಅತ್ತೆಯ ಊರು ಯಾವುದೆಂದು ಮದುವೆಯ ಮರುವರ್ಷವೇ ತಿಳಿದಿತ್ತು. ಆದರೆ ಗಂಡನ ಮುಂದೆ, ಅಪ್ಪನ ಮುಂದೆ ಬಾಯಿ ತೆರೆಯುವ ಜಾಯಮಾನ ಅವಳದಲ್ಲ.

ಊಟ ಮುಗಿಯಿತು. ದನದ ಮಾಂಸ ಚೆನ್ನಾಗಿದೆ ಎಂದಳು ಊನಾ. ಕೇಕು ಬಂತು. ಕ್ಲಿಫ್ ಕಿಟಕಿಯ ಪಕ್ಕದ ದೊಡ್ಡ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ. ಕಾರು ಕಾರ್ಖಾನೆಯಲ್ಲಿ ನಲವತ್ತು ವರ್ಷ ಮೇಸ್ತ್ರಿಯಾಗಿದ್ದ ದೇಹ, ಇನ್ನೂ ಎದ್ದರೆ ಬಾಗಿಲು ತುಂಬುತ್ತಿತ್ತು. ಟೆರಿ ಜೇಬಿಗೆ ಕೈ ಹಾಕಿ ಕೆಂಗಂದು ಬಣ್ಣದ ಪುಸ್ತಕವೊಂದನ್ನು ತೆಗೆದ. ಮುಖಪುಟದ ಮೇಲೆ ಚಿನ್ನದ ಬಣ್ಣದ ಹಾರ್ಪ್, ಐರ್ಲೆಂಡಿನ ಲಾಂಛನವಾದ ತಂತಿವಾದ್ಯ.

"ಇನ್ನು ತೊಂಬತ್ತು ದಿನದ ತಲೆನೋವಿಲ್ಲ ಮಾವ. ಸ್ಪೇನಲ್ಲಿ ಇಳಿದ್ರೆ, ಅಲಿಕಾಂಟೆ ಏರ್‌ಪೋರ್ಟಲ್ಲಿ ನಂಗೆ ಯುರೋಪಿನವ್ರ ಸಾಲು."

ಪುಸ್ತಕ ಕೈಯಿಂದ ಕೈಗೆ ಹೋಯಿತು. ಲಿಂಡ್ಸೆ ನೋಡಿ ಅಪ್ಪನಿಗೆ ದಾಟಿಸಿದಳು. ಕ್ಲಿಫ್ ತಿರುಗಿಸಿ ಮುರುಗಿಸಿ ನೋಡಿ, "ನಿಂಗೆ ಹೇಗೋ ಸಿಕ್ತು ಇದು?" ಎಂದ.

ತಾರೀಕಿನ ಗುಟ್ಟು ಬಯಲಾಗಿ ತಾನು ಪಂಥ ಸೋತಿದ್ದರೂ, ಇಷ್ಟು ಹತ್ತಿರಕ್ಕೆ ಬಂದ ಮೇಲೆ ಇನ್ನೇನು ಹೇಳಲು ಸಾಧ್ಯ? ಈಗ ಹೇಳುತ್ತಾನೆ, ಹೇಳಲೇಬೇಕು ಎಂದು ಊನಾ ಮಗನ ತುಟಿಯನ್ನೇ ನೋಡಿದಳು.

"ಅಪ್ಪನ ಕಡೆ ಯಾರೋ ಅಜ್ಜಿ ಮಾವ," ಎಂದ ಟೆರಿ. "ಡಬ್ಲಿನ್‌ನವಳಂತೆ. ಹಳೇ ಕಾಗದದಲ್ಲಿ ಸಿಕ್ತು."

ಊನಾ ಕೈ ಚಾಚಿದಳು. ಕ್ಲಿಫ್ ಪುಸ್ತಕ ಕೊಟ್ಟ. ಅವಳು ಕನ್ನಡಕ ಹಾಕಿಕೊಂಡು ಮೊದಲ ಹಾಳೆ ತೆರೆದಳು. ಟೆರಿಯ ಫೋಟೋ ಇತ್ತು. ಹೆಸರು ಇತ್ತು. ಹುಟ್ಟಿದ ಊರು ಬರ್ಮಿಂಗ್‌ಹ್ಯಾಮ್ ಎಂದಿತ್ತು. ಪ್ರಜೆ ಯಾವ ದೇಶದವನು ಎಂಬಲ್ಲಿ ಐರ್ಲೆಂಡ್ ಎಂದಿತ್ತು. ಅವಳು ಮುಂದಿನ ಹಾಳೆ ತಿರುಗಿಸಿದಳು, ಅದರ ಮುಂದಿನದನ್ನೂ. ಎಲ್ಲ ಖಾಲಿ.

"ನಾನೆಲ್ಲಿದೀನಿ ಇದರಲ್ಲಿ?" ಎಂದಳು.

"ಅಮ್ಮಾ," ಟೆರಿ ಹಲ್ಲು ಕಚ್ಚಿಕೊಂಡು ಹೇಳಿದ, "ಪಾಸ್‌ಪೋರ್ಟಲ್ಲಿ ತಾಯಿ ಹೆಸರು ಹಾಕಲ್ಲ. ಇಲ್ಲಿ ಕೊಡು."

ಅವಳು ಕೊಡಲಿಲ್ಲ. ಕ್ಲಿಫ್‌ನ ಕಡೆಗೆ ತಿರುಗಿ ಕೂತಳು. ಆಮೇಲೆ ಬಾಯಿ ತೆರೆದದ್ದು ಮೂವತ್ತು ವರ್ಷ ಆ ಮನೆಯಲ್ಲಿ 'ಚೆನ್ನಾಗಿದೆ' ಎನ್ನುತ್ತಿದ್ದವಳಲ್ಲ. ಚರ್ಚಿನ ಬಾಗಿಲಲ್ಲಿ ನಿಂತು ಆಲೂಗಡ್ಡೆ ಸೀಯಿಸುತ್ತಿದ್ದವಳು.

"ಕ್ಲಿಫ್, ಅವನಪ್ಪನ ಕಡೆ ಅಜ್ಜಿ ಇಲ್ಲೇ ಪಕ್ಕದ ವಾಲ್ಸಾಲ್ ಬಿಟ್ಟು ಆಚೆ ಕಾಲಿಟ್ಟೋಳಲ್ಲ. ಡಬ್ಲಿನ್ನೂ ಇಲ್ಲ, ಗಿಬ್ಲಿನ್ನೂ ಇಲ್ಲ. ನಾನು ಊನಾ ಗಿಲ್ವಾರಿ. ಮೇಯೋ ಸೀಮೆ, ಕ್ಯಾರೋಬಾನ್ ನನ್ನೂರು. ಕಾರ್ನ್‌ವಾಲ್ ಯಾವ ದಿಕ್ಕಿಗಿದೆ ಅಂತಾನೂ ನಂಗೆ ಗೊತ್ತಿಲ್ಲ. ಈ ಪುಸ್ತಕ ನಿಮ್ಮಳಿಯನಿಗೆ ಸಿಕ್ಕಿದ್ದು ಅವನು ನನ್ನ ಹೊಟ್ಟೇಲಿ ಹುಟ್ಟಿದ್ದಕ್ಕೆ."

ಲಿಂಡ್ಸೆಯ ಕೈಯಲ್ಲಿದ್ದ ಕೇಕಿನ ಚೂರಿ ಅಲ್ಲೇ ನಿಂತಿತು. ಟೆರಿ ಸುಣ್ಣದಂತೆ ಬೆಳ್ಳಗಾದ. ಕ್ಲಿಫ್ ಮಾತ್ರ ಅಲುಗಾಡಲಿಲ್ಲ.

"ಗೊತ್ತು," ಎಂದ.

"ಏನು?"

"ಮದುವೆ ದಿನಾನೇ ಗೊತ್ತಾಯ್ತು. ಕಾರ್ಖಾನೇಲಿ ನನ್ನ ಕೈಕೆಳಗೆ ನಿಮ್ಮೋರು ಇನ್ನೂರು ಜನ ಇದ್ರು. 'ಚೆನ್ನಾಗಿದೆ' ಅಂತ ನೀವು ಒಂದು ಸಲ ಅಂದ್ರೆ ಸಾಕು, ನಂಗೆ ಊರು ಗೊತ್ತಾಗುತ್ತೆ. ಕಾರ್ನ್‌ವಾಲ್ ಅಂತೆ, ಕಾರ್ನ್‌ವಾಲ್!"

"ಮತ್ತೆ ಯಾಕೆ ಕೇಳ್ಲಿಲ್ಲ?"

"ಯಾಕೆ ಕೇಳ್ಬೇಕು? ಕೇಳಿದ್ರೆ ನೀವು ಮಾತಾಡೋಕೆ ಶುರು ಮಾಡ್ತಿದ್ರಿ." ಕ್ಲಿಫ್ ಕೇಕಿನ ಚೂರನ್ನು ಬಾಯಿಗಿಟ್ಟು ನಿಧಾನವಾಗಿ ಅಗಿದ. "ಆ ಮಾತು ನನ್ನ ಮನೇಲಿ ಕೇಳೋಕೆ ನಂಗಿಷ್ಟ ಇರ್ಲಿಲ್ಲ. ನಾನು ಬಾಯಿ ಮುಚ್ಚಿ ಅಂತ ಹೇಳೋ ಮೊದ್ಲೇ ನೀವಾಗೇ ಮುಚ್ಕೊಂಡು ಕೂತ್ರಿ. ನಿಮ್ಮ ಮಗನೇ ಮುಚ್ಚಿಸ್ದ. ನಂಗೆ ಅದೇ ಅನುಕೂಲ ಆಯ್ತು."

ಊನಾ ಮಗನ ಕಡೆ ನೋಡಿದಳು. ಈಗಲಾದರೂ ಹೇಳಬಹುದಿತ್ತು. ಹೇಳಿದರೆ ಕಳೆದುಕೊಳ್ಳುವುದು ಏನೂ ಉಳಿದಿರಲಿಲ್ಲ. ಮಾವನಿಗೆ ಎಲ್ಲ ಗೊತ್ತಿತ್ತು. ಫ್ಲ್ಯಾಟು ಎಲ್ಲಿಗೂ ಹೋಗುತ್ತಿರಲಿಲ್ಲ. 'ನಮ್ಮಮ್ಮನಿಗೆ ಹಾಗನ್ನಬೇಡಿ' ಎಂದಿದ್ದರೂ ಸಾಕಾಗಿತ್ತು, ಮೇಯೋ ಹೆಸರು ಎತ್ತಬೇಕಾಗಿರಲಿಲ್ಲ. ಟೆರಿ ಎದ್ದು ನಿಂತು ಕಾರಿನ ಕೀಲಿ ಹುಡುಕುತ್ತಿದ್ದ.

"ಕೋಟು ಹಾಕ್ಕೊ ಅಮ್ಮಾ. ಹೊರಡೋಣ. ಸಮಾಧಾನ ಆಯ್ತಲ್ಲ ನಿಂಗೆ?"

"ಇಲ್ಲ," ಎಂದಳು ಊನಾ. "ತಗೋ ನಿನ್ನ ಪುಸ್ತಕ. ನೀನು ಹೋಗು."

ಅವನು ಪುಸ್ತಕ ಕಿತ್ತುಕೊಂಡು ಹೋದ. ಮುಂಬಾಗಿಲು ದಢಾರೆಂದಿತು. ಊನಾ ಎದ್ದು ತನ್ನ ಕುರ್ಚಿಯನ್ನು ಕ್ಲಿಫ್‌ನ ಕುರ್ಚಿಯ ಎದುರಿಗೆ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ಲಿಂಡ್ಸೆ, ನಂಗೆ ಇನ್ನೊಂದು ಲೋಟ ಚಹಾ ಹಾಕಮ್ಮಾ. ಸಕ್ಕರೆ ಎರಡು ಚಮಚ." ಆಮೇಲೆ ಬೀಗನಿಗೆ, "ಕೇಳೋಕೆ ಇಷ್ಟ ಇಲ್ಲ ಅಂದ್ರಲ್ಲ? ಕೇಳಿ. ನಾನು ಹುಟ್ಟಿದ್ದು ಸಂತ ಬ್ರಿಜಿಡ್ಡಳ ಹಬ್ಬದ ದಿನ. ಆ ವರ್ಷ ಎಂಥಾ ಮಂಜು ಬಿದ್ದಿತ್ತು ಅಂದ್ರೆ, ಸೂಲಗಿತ್ತಿ ಬರೋಕೆ ಕತ್ತೆ ಗಾಡಿ ಮುಂದೆ ನಮ್ಮಪ್ಪ ಸಲಿಕೆ ಹಿಡ್ಕೊಂಡು ದಾರಿ ಮಾಡ್ತಾ ನಡೆದನಂತೆ…"

ಕ್ಲಿಫ್ ಟೀವಿಯ ರಿಮೋಟಿಗೆ ಕೈ ಚಾಚಿದ. ಊನಾ ಅದನ್ನು ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡಳು. ಎದ್ದು ಹೋಗೋಣವೆಂದರೆ ಆ ಭಾರೀ ದೇಹಕ್ಕೆ ಯಾರಾದರೂ ಕೈ ಕೊಡಬೇಕಿತ್ತು. ಅವನು ಮಗಳ ಕಡೆ ನೋಡಿದ. ಲಿಂಡ್ಸೆ ಚಹಾ ತಂದು ಅತ್ತೆಯ ಕೈಗಿತ್ತಳು, ತಾನೂ ಒಂದು ಕುರ್ಚಿ ಎಳೆದುಕೊಂಡು ಕೂತಳು.

ಊನಾ ಹಂದಿ ಮಾರಿದ ಕತೆ ಹೇಳಿದಳು. ಬರಿಗಾಲಲ್ಲಿ ಶಾಲೆಗೆ ಹೋದದ್ದು ಹೇಳಿದಳು. ಹೊಲದ ಗೊಬ್ಬರಕ್ಕೆ ಪಾಚಿ ತರಲು ತಾಯಿಯ ಜತೆ ಕಡಲಿಗಿಳಿದದ್ದು, ಅಣ್ಣ ಹೇಳಿಕೊಟ್ಟ ಬೈಗುಳಗಳು, ಒಂದನ್ನೂ ಬಿಡಲಿಲ್ಲ. ಗಂಟಲು ಅಷ್ಟು ದಿನ ಎಲ್ಲಿ ಹೋಗಿತ್ತೋ, ಸಲೀಸಾಗಿ ಬಂತು. ಆದರೆ ಮಗ ಹೇಳಬೇಕಾಗಿದ್ದ ಮಾತನ್ನು ಅವಳೇ ಹೇಳಿಕೊಂಡಿದ್ದಳು. ಇನ್ನು ಅವನು ಅದನ್ನು ಹೇಳುವುದಿಲ್ಲ, ಅವಳು ಸತ್ತ ಮೇಲೂ ಹೇಳುವುದಿಲ್ಲ. ಅದು ಅವಳಿಗೆ ಖಚಿತವಾಗಿತ್ತು.

ಕಿಟಕಿಯಾಚೆ ಕಾರಿನ ಹಾರ್ನು ಕೂಗಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, ಈ ಸಲ ಉದ್ದವಾಗಿ.

"ನಿಮ್ಮ ಮಗ ಕರೀತಿದಾನೆ," ಎಂದ ಕ್ಲಿಫ್, ಆಸೆಯಿಂದ.

"ಕಾಯ್ಲಿ ಬಿಡಿ," ಎಂದಳು ಊನಾ. "ನಾನಿನ್ನೂ ಹಡಗೇ ಹತ್ತಿಲ್ಲ."